ವಾಸುವಿನ ಹೆಸರಿನಲ್ಲಿ ನಾನು ಬರೆದ ದಿನಚರಿ

ಪ್ರೀತಿಯ ತಮ್ಮ ವಾಸುವಿಗೆ,

ಕಳೆದ ವರ್ಷದ ಪತ್ರದಲ್ಲಿ ಒಂದು ತಪ್ಪಾಗಿದೆ. ಮೊದಲು ಅದಕ್ಕೆ ನಿನ್ನ ಕ್ಷಮೆ ಕೇಳಬೇಕು. "ನೀನು ನಿದ್ರೆಯಲ್ಲಿ, ಯಾವ ನೋವನ್ನೂ ಅರಿಯದೆ ಹೋದೆ" ಎಂದು ಬರೆದಿದ್ದೆ. ಅದರ ಹಿಂದಿನ ವರ್ಷದ ಪತ್ರದಲ್ಲಿಯೂ ಆ ವಾಕ್ಯವಿತ್ತು, ಅದಕ್ಕೂ ಹಿಂದಿನದರಲ್ಲಿಯೂ ಇತ್ತು. ಮೂವತ್ತೊಂದು ವರ್ಷ ಪ್ರೌಢಶಾಲೆಯ ಮಕ್ಕಳ ಕನ್ನಡವನ್ನು ಕೆಂಪು ಶಾಯಿಯಲ್ಲಿ ತಿದ್ದಿದವಳಿಗೆ ಅದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಕಾಣಬಾರದೆಂದೇ ಅದನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೆನೇನೋ...

ನೀನು ಹೋಗಿ ನಲವತ್ತು ವರ್ಷವಾಗುತ್ತ ಬಂತು. ಬದುಕಿದ್ದಾಗ ನಿನಗೆ ಒಂದು ಪತ್ರವನ್ನೂ ಬರೆಯಲಿಲ್ಲ. ನೀನು ಓದಲಾರೆ, ಮಾತನಾಡಲಾರೆ ಎಂಬುದೇ ಕಾರಣ. ಸತ್ತವರಿಗೆ ಅಂಥ ತೊಡಕುಗಳಿರುವುದಿಲ್ಲವೆಂದು ನನಗೆ ಯಾರು ಹೇಳಿದರು? ಯಾರೂ ಹೇಳಿಲ್ಲ. ಆದರೂ ಬರೆಯುತ್ತೇನೆ, ಈ ಸಲ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಮೈಸೂರಿನ ಮನೆಯ ನಡುಕೋಣೆಯ ಮೇಜು ನಿನಗೆ ನೆನಪಿದೆಯೆ? ಸಂಜೆ ದೀಪ ಹಚ್ಚಿದ ಮೇಲೆ ನಾನು ಅಲ್ಲಿ ಕುಳಿತು ನಿನ್ನ ದಿನಚರಿ ಬರೆಯುತ್ತಿದ್ದೆ. ನೀನು ಪಕ್ಕದಲ್ಲಿ ನಿಂತು ಪೆನ್ನಿನ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ. ನಿನಗಾಗ ಇಪ್ಪತ್ತೆಂಟು ವರ್ಷ. ಆ ಪುಸ್ತಕದಲ್ಲಿ 'ನಾನು' ಎಂದರೆ ನಾನಲ್ಲ, ನೀನು. "ಇಂದು ನಾನು ಹಠ ಮಾಡಿದೆ. ಅಕ್ಕ ಗದರಿದಳು. ನನಗೆ ನಾಚಿಕೆಯಾಯಿತು." ಮಾತಿಲ್ಲದ ತಮ್ಮನಿಗೆ ನಾನು ಮಾತು ಕೊಡುತ್ತಿದ್ದೇನೆ ಎಂಬ ಹೆಮ್ಮೆ ನನಗೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಒಮ್ಮೆ ಅದರ ಎರಡು ಪುಟ ಓದಿಸಿದರು. ಸಭೆಯಲ್ಲಿ ಕಣ್ಣೊರೆಸಿಕೊಂಡವರಿದ್ದರು. ನೀನು ಮುಂದಿನ ಸಾಲಿನಲ್ಲಿ ಕುಳಿತು ನಿನ್ನ ಬಟನ್ನುಗಳನ್ನೇ ನೋಡುತ್ತಿದ್ದೆ. ಒಂದು ದಿನದ ಪುಟವೂ ಖಾಲಿ ಉಳಿಯಬಾರದು ಎಂಬುದು ನನ್ನ ನಿಯಮವಾಗಿತ್ತು. ಆ ನಿಯಮದ ಮಾತು ಮುಂದೆ ಬರುತ್ತದೆ.

ಪ್ರತಿಮಾಳನ್ನು ನೀನು ನೋಡಿಲ್ಲ. ನಿನ್ನ ಬೆನ್ನ ಮೇಲೆ ಕುಳಿತು ಆನೆಯಾಟ ಆಡುತ್ತಿದ್ದನಲ್ಲ, ನನ್ನ ಮಗ ರವಿ, ಅವನ ಹೆಂಡತಿ, ಉಡುಪಿಯ ಕಡೆಯವಳು. ನಾನೀಗ ಇವರೊಡನೆ ಇರುವ ಅಮೆರಿಕದ ಈ ಮಿಲ್ಪಿಟಾಸಿನಲ್ಲಿಯೇ ಹದಿನೈದು ವರ್ಷ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ನಲವತ್ತನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಶುಶ್ರೂಷೆಯ ಪದವಿಗೆ ಸೇರಿದಳು. ಅದರಲ್ಲಿಯೂ ನಿನ್ನಂಥವರ, ಎಂದರೆ ಬುದ್ಧಿಯ ಬೆಳವಣಿಗೆ ಬೇರೆಯಾದವರ ಶುಶ್ರೂಷೆಯನ್ನೇ ಆರಿಸಿಕೊಂಡಳು. ಏಕೆಂದು ಕೇಳಿದ್ದಕ್ಕೆ, "ಯಂತ್ರ ಕೆಟ್ರೆ ದೀಪವಾದ್ರೂ ಹತ್ತುತ್ತದೆ ಅತ್ತೆ. ಇವರದ್ದು ನಾವೇ ಹುಡುಕ್ಬೇಕಲ್ವಾ?" ಎಂದಳು. ತರಗತಿಯ ಹುಡುಗಿಯರು ತನ್ನನ್ನು ಆಂಟಿ ಎಂದು ಕರೆಯುವುದನ್ನು ಹೇಳಿ ತಾನೇ ನಗುತ್ತಾಳೆ. ರವಿಯೂ ಬಿಡುವುದಿಲ್ಲ: "ಅಮ್ಮ, ನಿನ್ನ ಸೊಸೆಗೆ ನಾಳೆ ಎಕ್ಸಾಮು, ಮೊಸರು ಸಕ್ಕರೆ ಕೊಟ್ಟು ಕಳ್ಸು."

ಈ ಚೈತ್ರದ ಹುಣ್ಣಿಮೆಯ ಸಂಜೆ ಅವಳು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದಳು. ಮಾತನಾಡಲಾರದ ವ್ಯಕ್ತಿಯೊಬ್ಬರ ಪರಿಚಯ ಪುಸ್ತಿಕೆಯನ್ನು ಬರೆಯಬೇಕಿತ್ತಂತೆ. ಆಸ್ಪತ್ರೆಗೆ ಹೋದರೆ ಹೊಸಬರಾದ ವೈದ್ಯರೂ ಅದನ್ನು ಓದಿ, ಈತನಿಗೆ ಹಸಿವಾದರೆ ಹೀಗೆ ಮಾಡುತ್ತಾನೆ, ನೋವಾದರೆ ಹೀಗೆ ಎಂದು ತಿಳಿಯಬೇಕು. ಅದನ್ನು ಆ ವ್ಯಕ್ತಿಯೇ ಹೇಳುವಂತೆ 'ನಾನು' ಎಂದು ಬರೆಯುವುದು ಅವರ ಪದ್ಧತಿ. ನನ್ನ ಹಿಗ್ಗನ್ನು ನೀನು ಊಹಿಸಿಕೊ! ಪೆಟ್ಟಿಗೆಯಲ್ಲಿ ಸಮುದ್ರ ದಾಟಿ ಬಂದ ನಿನ್ನ ದಿನಚರಿಯನ್ನು ತಂದು ಅವಳ ಮುಂದಿಟ್ಟೆ. ಅವಳು ಬಹಳ ಹೊತ್ತು ಓದಿದಳು.

"ಅತ್ತೆ, ನಾಚಿಕೆ ಆಯ್ತು ಅಂತ ಬರ್ದಿದ್ದೀರಲ್ಲ, ಅದು ನಿಮಗೆ ಹೇಗೆ ಗೊತ್ತು?"

"ಮುಖ ನೋಡಿದರೆ ತಿಳಿಯುವುದಿಲ್ಲವೆ? ತಲೆ ತಗ್ಗಿಸಿದ್ದ."

"ಹಾಗಾದ್ರೆ ತಲೆ ತಗ್ಗಿಸಿದ ಅಂತ ಬರಿಯಬೇಕಿತ್ತು. ನಮಗೆ ಕ್ಲಾಸಲ್ಲಿ ಮೊದ್ಲು ಹೇಳಿಕೊಡುವುದೇ ಅದು. ಕಂಡದ್ದನ್ನು ಬರಿಯಿರಿ, ಕಾರಣ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರಿಯಿರಿ. ಮತ್ತೆ ಈ 'ಹಠ' ಉಂಟಲ್ಲ ಅತ್ತೆ, ಪುಟಕ್ಕೆ ನಾಲ್ಕು ಸಲ ಉಂಟು. ಹಠ ಅಂತ ಯಾರಾದ್ರೂ ಹೇಳಿದ್ರೆ ನಾವು ಎಲ್ಲಿ ನೋವು ಅಂತ ಕೇಳ್ಬೇಕು."

ನಾನು ಪುಸ್ತಕವನ್ನು ಮಡಿಸಿ ತೆಗೆದುಕೊಂಡೆ. "ಅವನು ಯಾವ ನೋವೂ ಇಲ್ಲದೆ ಹೋದವನು" ಎಂದೆ. ಅವಳು ತನ್ನ ಹಾಳೆಗಳನ್ನು ಒಟ್ಟುಮಾಡಿದಳು. ಆಮೇಲೆ ಎರಡು ದಿನ ಅವಳೊಡನೆ ಅಡುಗೆಯ ಮಾತನ್ನುಳಿದು ಬೇರೆ ಮಾತಾಡಲಿಲ್ಲ.

ಭಾನುವಾರ ಅವಳೇ ಬಂದು, "ಬನ್ನಿ ಅತ್ತೆ, ಕೋಪ ಸಾಕು" ಎಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡಳು. ಅವಳ ತರಬೇತಿ ನಡೆಯುತ್ತಿರುವುದು ಹತ್ತಿರದ ಫಾಸ್ಟರ್ ಸಿಟಿಯಲ್ಲಿ, ಕೊಲ್ಲಿಯ ಹಿನ್ನೀರಿನ ದಂಡೆಯ ಒಂದು ಆರೈಕೆಯ ಮನೆಯಲ್ಲಿ. ಅಲ್ಲಿ ಆರು ಜನ ವಯಸ್ಕರಿದ್ದಾರೆ. ತಿಂಗಳಿಗೊಂದು ಮಧ್ಯಾಹ್ನ ಹೊರಗಿನವರನ್ನೂ ಚಹಾಕ್ಕೆ ಕರೆಯುತ್ತಾರೆ. ಕೊಲ್ಲಿಯ ಮೇಲಿನ ಮಂಜು ಅಂದು ಮಧ್ಯಾಹ್ನವಾದರೂ ಕರಗಿರಲಿಲ್ಲ. ನೀರಿನಾಚೆಯ ಮನೆಗಳಿಗೆ ಬುಡವಿರಲಿಲ್ಲ, ಮಾಡುಗಳು ಮಾತ್ರ ತೇಲುತ್ತಿದ್ದವು. ಹೆಬ್ಬಾತುಗಳು ದಾರಿ ಬಿಡದೆ ನಿಂತಿದ್ದವು. ಒಳಗೆ ಹಾಡು, ನಗು, ಕೇಕು. ಕಿಟಕಿಯ ಬಳಿಯ ಬೆಂಚಿನ ಮೇಲೆ ಒಬ್ಬಾತ ಕುಳಿತಿದ್ದ. ಅರವತ್ತು ದಾಟಿರಬೇಕು. ಬಿಳಿಯ ಮೈ, ನೆರೆತ ಕೂದಲು, ಆರಡಿಯ ಆಳು. ನಿನಗೂ ಆತನಿಗೂ ಯಾವ ಹೋಲಿಕೆಯೂ ಇಲ್ಲ. ಹೆಸರನ್ನು ಪ್ರತಿಮಾ ಹೇಳಲಿಲ್ಲ, ಹೇಳಬಾರದಂತೆ. ಆತ ಬಲಗಾಲನ್ನು ಮಡಚಿ ಎದೆಗೆ ಒತ್ತಿಕೊಂಡಿದ್ದ. ಹಣೆಯನ್ನು ಕಿಟಕಿಯ ಗಾಜಿಗೆ ಆನಿಸಿದ್ದ.

ನಾನು ನಿಂತಲ್ಲಿಯೇ ನಿಂತೆ, ವಾಸು. ಆತ ನನ್ನ ಕಡೆ ನೋಡಲಿಲ್ಲ. ತುಸು ಸರಿದು, ಪಕ್ಕದಲ್ಲಿ ತೆರವಾದ ಜಾಗವನ್ನು ಅಂಗೈಯಿಂದ ಮೂರು ಸಲ ಒರೆಸಿದ. ಯಾರಾದರೂ ಕೂರುವ ಮುನ್ನ ಹಾಗೆ ಮೂರು ಸಲ ಒರೆಸುವವನು ನೀನೊಬ್ಬನೇ ಎಂದುಕೊಂಡಿದ್ದೆ. ನಾನು ಕೂರಲಿಲ್ಲ. ಕೂತಿದ್ದರೆ...

ಮನೆಗೆ ಬಂದವಳು ಕೈಕಾಲು ತೊಳೆಯದೆ ದಿನಚರಿಯ ಕೊನೆಯ ಪುಟಗಳನ್ನು ತೆರೆದೆ. ಚೈತ್ರ ಬಹುಳ ತದಿಗೆ, ಭಾನುವಾರ. "ಇಂದು ನಾನು ಹಠದಿಂದ ಕಾಲು ಮಡಚಿ ಕುಳಿತೆ. ಹಣೆಯನ್ನು ಬೀರುವಿನ ಕನ್ನಡಿಗೆ ಒತ್ತಿ ಅದನ್ನು ಮಾಸಲು ಮಾಡಿದೆ." ಗೋಡೆಯ ಪಂಚಾಂಗ ನೋಡಿದೆ. ಅಂದೂ ಚೈತ್ರ ಬಹುಳ ತದಿಗೆ. ವಾರವೂ ಅದೇ. ಇದು ಕಾಕತಾಳೀಯವೆಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹೇಳಿಕೊಂಡ ದನಿ ನನ್ನದಾಗಿರಲಿಲ್ಲ ಎನಿಸಿತು.

ಸೋಮವಾರ ಸಂಜೆ ಪ್ರತಿಮಾ ಪಾತ್ರೆ ತೊಳೆಯುತ್ತ ಮೂಗಿನಲ್ಲಿ ಒಂದೇ ಸ್ವರವನ್ನು ಎಳೆಯುತ್ತಿದ್ದಳು. ಎಳೆದು, ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಅದೇ ಸ್ವರ.  ಆ ಸ್ವರವನ್ನು ನಾನು ನಲವತ್ತು ವರ್ಷದಿಂದ ಕೇಳಿರಲಿಲ್ಲ.

"ಏನಮ್ಮ ಅದು? ಎಲ್ಲಿ ಕಲಿತೆ?"

"ಎಂತದ್ದು? ಓ, ಇದಾ? ಅವರು ಇಡೀ ದಿನ ಹೀಗೇ ಮಾಡ್ತಾ ಇದ್ರು ಅತ್ತೆ. ನನ್ನ ಬಾಯಿಗೆ ಅಂಟಿಕೊಂಡಿದೆ ಮಾರಾಯ್ರೆ." ಕೈ ಒರೆಸಿಕೊಳ್ಳುತ್ತ ಅವಳು ಹೇಳಿದಳು: ಆತ ತಿಂಡಿ ಮುಟ್ಟಿಲ್ಲ, ಕಾಲು ಮಡಚಿಯೇ ಇದ್ದಾನೆ. ಎಲ್ಲೋ ನೋವಿರಬಹುದು ಎಂದು ಇವಳು ಮೇಲ್ವಿಚಾರಕಿಗೆ ಹೇಳಿದಳು. ವೈದ್ಯರ ಕಡೆಯವರು ಬಂದು ನೋಡಿ ಜ್ವರವಿಲ್ಲ ಎಂದರು. ವಾರದ ಹಿಂದೆ ಆತನ ಕೋಣೆ ಬದಲಾಯಿಸಿದ್ದಾರೆ, ಅದಕ್ಕೆ ಮುನಿಸು ಎಂದು ತೀರ್ಮಾನವಾಯಿತು.

ನಾನು ದಿನಚರಿ ತಂದು ಸೋಮವಾರದ ಪುಟವನ್ನು ಅವಳಿಗೆ ತೋರಿಸಿದೆ. "ಇಂದು ನಾನು ಊಟ ಬಿಟ್ಟು, ದಿನವಿಡೀ ಮೂಗಿನಲ್ಲಿ ರಾಗವೆಳೆದು ಅಕ್ಕನನ್ನು ಸತಾಯಿಸಿದೆ." ಅವಳು ಓದಿ ನನ್ನ ಮುಖ ನೋಡಿದಳು. ನಾನು ಮುಂದಿನ ಪುಟವನ್ನು ಅಂಗೈಯಿಂದ ಮುಚ್ಚಿ, "ನಾಳೆ ಆತ ಊಟದ ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂರುತ್ತಾನೆ" ಎಂದೆ.

"ಹಾಗೆಲ್ಲ ಹೇಳ್ಬೇಡಿ ಅತ್ತೆ. ಹೆದ್ರಿಕೆ ಆಗ್ತದೆ."

ಮಂಗಳವಾರ ಅವಳು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾರಿನಿಂದ ಇಳಿಯದೆ ಬಹಳ ಹೊತ್ತು ಒಳಗೇ ಕುಳಿತಿದ್ದಳು. ನಾನು ಹೋಗಿ ಬಾಗಿಲು ತೆರೆದೆ. "ಬೋರಲು ಹಾಕಿದ್ರು. ಎರಡೂ ಕೈ ಮೇಲೆ" ಎಂದಳು; ಅಷ್ಟೇ. ಕೊಲ್ಲಿಯ ಕಡೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ಅವಳು ಎರಡನೆಯ ಸಲ ಮೇಲ್ವಿಚಾರಕಿಯ ಬಳಿ ಹೋಗಿದ್ದಳಂತೆ. "ನೀನು ವಿದ್ಯಾರ್ಥಿನಿ. ಮೂರನೆಯ ಸಲ ಈ ಮಾತು ತಂದರೆ ನಿನ್ನ ಕಾಲೇಜಿಗೆ ಬರೆಯಬೇಕಾಗುತ್ತದೆ" ಎಂದರಂತೆ ಆಕೆ. ಕೆಟ್ಟವಳಲ್ಲ, ಆರು ಜನರನ್ನು ಹನ್ನೆರಡು ವರ್ಷದಿಂದ ನೋಡಿಕೊಂಡವಳು. ನಾನೂ ನಿನ್ನನ್ನು ನೋಡಿಕೊಂಡವಳೇ ಅಲ್ಲವೆ?

"ಅತ್ತೆ, ವಾಸು ಮಾವನಿಗೆ ಮತ್ತೆ ಎಷ್ಟು ದಿನ...?" ಅವಳು ಕೇಳಿದ್ದು ಅಷ್ಟೇ.

ದಿನಚರಿಯನ್ನು ನೋಡಿಕೊಂಡು ಉತ್ತರ ಕೊಟ್ಟೆ. ಬುಧವಾರ ಹಠ, ಗುರುವಾರ ಹಠ, ಶುಕ್ರವಾರ ಹಠ. ಶನಿವಾರ ಶಾಂತ. ಭಾನುವಾರ ನೀನು ಇರಲಿಲ್ಲ. ಅವಳು ಬೆರಳು ಮಡಚಿ ಎಣಿಸಿದಳು. "ಹಾಗಾದ್ರೆ ಶನಿವಾರದ ಒಳಗೆ ಏನಾದ್ರೂ ಮಾಡ್ಬೇಕು. ಗುರುವಾರ ನಮ್ಮ ಮೇಡಮ್ ಕಾಲೇಜಿಂದ ಬರ್ತಾರೆ. ಅವರ ಹತ್ರ ಹೇಳ್ತೇನೆ. ಮೂರು ದಿನ ಉಂಟು." ಹೌದು, ಮೂರು ದಿನವಿದೆ ಎಂದು ನಾನೂ ತಲೆಯಾಡಿಸಿದೆ. ಹೇಗೆ ಆಡಿಸಿದೆ ನಾನು ಆ ತಲೆಯನ್ನು?

ಬುಧವಾರ ಮಧ್ಯಾಹ್ನ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಾಗ ಅವಳ ಫೋನು ಬಂತು. ಅವಳ ದನಿಯಲ್ಲಿ ನಗುವಿತ್ತು. "ಅತ್ತೆ, ನಿಮ್ಮ ಪುಸ್ತಕ ತಪ್ಪಿತು! ಅವರು ಇವತ್ತು ಆರಾಮ ಇದ್ದಾರೆ. ರಾಗ ಇಲ್ಲ, ಎಂತದ್ದೂ ಇಲ್ಲ. ಬೆಳಿಗ್ಗೆಯಿಂದ ಸುಮ್ನೆ ಮಲಗಿದ್ದಾರೆ. ಮೇಲ್ವಿಚಾರಕಿ ನನ್ನನ್ನು ನೋಡಿ ನಕ್ಕರು, 'ನೋಡಿದೆಯಾ, ಗುಡ್ ಡೇ' ಅಂತ. ನಿಮ್ಮದರಲ್ಲಿ ಇವತ್ತು ಹಠ ಅಲ್ವಾ ಇದ್ದದ್ದು? ನಾನು ಸುಮ್ನೆ ಹೆದರಿದ್ದು."

"ಒಳ್ಳೆಯದಾಯಿತಮ್ಮ" ಎಂದೆ. ಫೋನನ್ನು ಕೆಳಗಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೋಲಿಕೆ ಮುರಿದಿತ್ತು; ಆತ ಆತನೇ, ನೀನು ನೀನೇ. ಸಮಾಧಾನಕ್ಕೆಂದು ಇನ್ನೊಮ್ಮೆ ಬುಧವಾರದ ಪುಟ ತೆರೆದೆ. "ಇಂದೂ ನಾನು ಬಟ್ಟಲನ್ನು ನೂಕಿ ಮೊಂಡುತನ ತೋರಿದೆ." ಗುರುವಾರ: "ಹಟಮಾರಿತನದಲ್ಲಿ ಇಂದು ನಾನು ಯಾರಿಗೂ ಸೋಲಲಿಲ್ಲ." ಎಷ್ಟು ಚೆನ್ನಾಗಿತ್ತು ವಾಕ್ಯ! ಆಗ ಶಾಯಿ ಕಣ್ಣಿಗೆ ಬಿತ್ತು. ಮಂಗಳವಾರದವರೆಗೆ ನೀಲಿ. ಬುಧ, ಗುರು, ಶುಕ್ರ, ಶನಿ, ನಾಲ್ಕೂ ದಿನ ಒಂದೇ ಕಪ್ಪು ಶಾಯಿ. ಒಂದೇ ಸಲಕ್ಕೆ ಕುಳಿತು ಬರೆದ ಒಂದೇ ಓಟದ ಅಕ್ಷರ.

ಆ ವಾರದ ನಡುವೆ ಮೂರು ದಿನ ನಾನು ಮನೆಯಲ್ಲಿ ಇರಲಿಲ್ಲ, ವಾಸು. ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದೆ. ನಿನ್ನ ಭಾವ ಅರಸೀಕೆರೆಯ ಕೆಲಸದಲ್ಲಿದ್ದರು, ಬೇಸಿಗೆ ರಜೆಯೆಂದು ರವಿಯನ್ನೂ ಕರೆದೊಯ್ದಿದ್ದರು. ನಿನ್ನನ್ನು ಎದುರುಮನೆಯ ಜಯಮ್ಮನಿಗೆ ಒಪ್ಪಿಸಿದ್ದೆ. ಮೂರು ಸಂಜೆಯೂ ಆಕೆ ಹೇಳಿದ್ದು ಒಂದೇ ಮಾತು: "ಏನೂ ತಂಟೆ ಇಲ್ಲ ಕಣ್ ಟೀಚರಮ್ಮ, ಸುಮ್ಕೆ ಮಲ್ಕಂಡಿತ್ತು ಮಗಾ. ಇಷ್ಟು ಸುಮ್ಕಿದ್ದುದ್ದ ನಾನ್ ನೋಡೇ ಇಲ್ಲ." ದಣಿದು ಬಂದವಳಿಗೆ ಆ ಮಾತು ಎಷ್ಟು ಹಿತವಾಗಿತ್ತು. ಒಳಗೆ ಬಂದು ನಿನ್ನ ಹಣೆಯ ಮೇಲೆ ಕೈಯನ್ನೂ ಇಡದೆ ಮಲಗಿದ್ದೆ. ಶನಿವಾರ ಸಂಜೆ ಖಾಲಿ ಪುಟಗಳನ್ನು ಕಂಡು, ನಿಯಮ ತಪ್ಪಬಾರದೆಂದು ಮೂರು ದಿನವನ್ನೂ ಮಂಗಳವಾರದಂತೆಯೇ ತುಂಬಿದೆ. ಪುನರುಕ್ತಿಯಾಗಬಾರದೆಂದು ಮೂರು ದಿನಕ್ಕೆ ಮೂರು ಬೇರೆ ವಾಕ್ಯಗಳನ್ನು ಕಟ್ಟಿದೆ.

ಹೋಲಿಕೆ ಮುರಿದಿರಲಿಲ್ಲ. ಮುರಿದದ್ದು ನನ್ನ ದಿನಚರಿ. ನೀನು ಸುಮ್ಮನಾದದ್ದು ಶನಿವಾರವಲ್ಲ, ಬುಧವಾರ. ಅಲ್ಲಿ, ನೀರಿನ ದಂಡೆಯ ಮನೆಯಲ್ಲಿ, ಅಂದೇ ಬುಧವಾರ.

ಅವಳಿಗೆ ಫೋನು ಮಾಡಲು ಎಷ್ಟು ಹೊತ್ತು ತೆಗೆದುಕೊಂಡೆ ಗೊತ್ತೆ? ಗಡಿಯಾರ ನೋಡಿದ್ದೇನೆ: ಹದಿನೇಳು ನಿಮಿಷ. ಆ ಹದಿನೇಳು ನಿಮಿಷ ನಾನು ಯೋಚಿಸಿದ್ದು ಆತನ ಜೀವದ ಬಗ್ಗೆ ಅಲ್ಲ. ಸೊಸೆಯ ಮುಂದೆ ಇದನ್ನು ಹೇಗೆ ಹೇಳುವುದು ಎಂದು. ಹೇಳಿದರೆ ಆ ಮೂರು ದಿನ ಮಾತ್ರವಲ್ಲ, ಎಲ್ಲ ಪುಟಗಳೂ... ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಪಕ್ಕದಲ್ಲಿ ಯಾರೋ ನಿಂತು ನಾನು ಏನು ಮಾಡುತ್ತೇನೆಂದು ಕಾಯುತ್ತಿದ್ದಾರೆ ಎನಿಸಿತು. ಉಸಿರು ಕೇಳುತ್ತಿತ್ತು. ನನ್ನದೇ ಇರಬೇಕು. ಆಮೇಲೆ ಫೋನು ಎತ್ತಿಕೊಂಡೆ.

"ಪ್ರತಿಮಾ, ನಾನು ಬರೆದದ್ದು ಸುಳ್ಳು."

"ಎಂತದ್ದು ಅತ್ತೆ?"

"ಬುಧವಾರದಿಂದ ಮುಂದಿನದು ನಾನು ಕಟ್ಟಿ ಬರೆದದ್ದು. ನಾನು ಮನೆಯಲ್ಲಿಯೇ ಇರಲಿಲ್ಲ. ಅವನು ಸುಮ್ಮನಾದದ್ದು ಬುಧವಾರವೇ. ಎದುರುಮನೆಯವಳು ಹೇಳಿದ್ದಳು. ಇವತ್ತಿನ ಹಾಗೆಯೇ, ಸುಮ್ಮನೆ ಮಲಗಿದ್ದ. ಅದು ಆರಾಮವಲ್ಲಮ್ಮ."

 ಆ ಕಡೆಯಿಂದ ಹೆಬ್ಬಾತುಗಳ ಕೂಗು ಕೇಳುತ್ತಿತ್ತು. "ಖಂಡಿತ ಗೊತ್ತುಂಟಾ ನಿಮಗೆ?"

"ಖಂಡಿತ."

"ಇಡಿ ಅತ್ತೆ ಫೋನು."

ಮುಂದಿನದು ಅವಳು ಆಮೇಲೆ ಹೇಳಿದ್ದು. ಅವಳು ಆತನ ಕೋಣೆಗೆ ಹೋಗಿ ಹೊದಿಕೆ ತೆಗೆದು ಹೊಟ್ಟೆಯ ಮೇಲೆ ಕೈಯಿಟ್ಟಳು. "ಹಲಗೆ ಮುಟ್ಟಿದ ಹಾಗಿತ್ತು ಅತ್ತೆ." ನಾಡಿ ಓಡುತ್ತಿತ್ತು, ಅಂಗೈ ತಣ್ಣಗಿತ್ತು. ಮೇಲ್ವಿಚಾರಕಿ ಔಷಧ ತರಲು ಹೊರಗೆ ಹೋಗಿದ್ದರು, ಫೋನಿಗೆ ಸಿಗಲಿಲ್ಲ. ಕಾಯಬೇಕೆ, ಬೇಡವೆ? "ಡಿಗ್ರಿ ಹೋದ್ರೆ ಹೋಗ್ಲಿ, ಮತ್ತೆ ಟೆಸ್ಟಿಂಗ್ ಮಾಡ್ಲಿಕ್ಕೆ ಹೋಗ್ತೇನೆ ಅಂತ ನಾನೇ ತುರ್ತು ವಾಹನಕ್ಕೆ ಕರೆದೆ." ಅಪೆಂಡಿಕ್ಸ್ ಒಡೆದಿತ್ತು. ಒಡೆದ ಮೇಲೆ ಕೆಲವರಿಗೆ ನೋವು ಇಳಿದಂತಾಗುತ್ತದಂತೆ. ನೋಡುವವರಿಗೆ ಗುಣವಾದಂತೆ ಕಾಣುತ್ತದಂತೆ. ವಿಷ ಏರುವುದು ಆಗಲೇ ಅಂತೆ. ಸಂಜೆಯ ಹೊತ್ತಿಗೆ ಶಸ್ತ್ರಚಿಕಿತ್ಸೆ ಮುಗಿಯಿತು. ಗುರುವಾರದವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರಂತೆ ವೈದ್ಯರು. ನಿನಗೆ ಆದದ್ದೂ ಅದೇ ಎಂದು ಪ್ರತಿಮಾ ಹೇಳುವುದಿಲ್ಲ. "ಗೊತ್ತಿಲ್ಲ ಅತ್ತೆ. ಇರಬಹುದು" ಎನ್ನುತ್ತಾಳೆ. ನಮ್ಮ ವೈದ್ಯರು ಅಂದು ಹೃದಯ ಎಂದು ಬರೆದುಕೊಟ್ಟರು, ನಾನು ಅದನ್ನು ಬೇಗ ಮಡಚಿ ಇಟ್ಟುಕೊಂಡೆ.

ಮೂರು ವಾರದ ನಂತರ ಆತ ಮನೆಗೆ ಮರಳಿದ. ನನ್ನನ್ನು ಕರೆದುಕೊಂಡು ಹೋಗು ಎಂದು ನಾನೇ ಕೇಳಿದೆ. ಅಂದು ಮಂಜಿರಲಿಲ್ಲ, ನೀರು ಕಣ್ಣು ಕುಕ್ಕುತ್ತಿತ್ತು. ಆತ ಅದೇ ಬೆಂಚಿನ ಮೇಲೆ ಎರಡೂ ಕಾಲು ಚಾಚಿ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದ. ನಾನು ಹತ್ತಿರ ಹೋದೆ. ಸರಿಯಲಿಲ್ಲ, ಜಾಗ ಒರೆಸಲಿಲ್ಲ. ನನ್ನನ್ನು ನೋಡಿ, ಅಪರಿಚಿತರನ್ನು ನೋಡುವಂತೆ ನೋಡಿ, ಹಣ್ಣಿನ ಕಡೆಗೆ ತಿರುಗಿಕೊಂಡ. ಜಾಗ ಒರೆಸುವ ಅಭ್ಯಾಸ ಆತನಿಗೆ ಮೊದಲಿನಿಂದ ಇತ್ತೆ ಎಂದು ಪ್ರತಿಮಾಳ ಮೂಲಕ ಕೇಳಿಸಿದೆ. ಮೇಲ್ವಿಚಾರಕಿ ಯೋಚಿಸಿ, ಇಲ್ಲ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ ಎಂದರು. ಕಾಲು ಮಡಚುವುದು, ಊಟ ಬಿಡುವುದು ನೋವಿನ ಲಕ್ಷಣ ಎನ್ನೋಣ. ಆದರೆ ಮೂರು ಸಲ ಒರೆಸಿದ್ದು? ಬೆಂಚಿನ ಮೇಲೆ ನನಗೆಂದು ಜಾಗ ಮಾಡಿದ್ದು ಯಾರು, ವಾಸು? ನಾನು ಕೂರಲಿಲ್ಲವೆಂದು ಬೇಸರವಾಯಿತೆ ನಿನಗೆ, ಅಥವಾ... ಇಲ್ಲ. ನಿನಗೆ ಏನಾಯಿತೆಂದು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ.

ನೀನು ಕೇಳದ ಸುದ್ದಿ ಇನ್ನಷ್ಟಿದೆ. ಮೇಲ್ವಿಚಾರಕಿ 'ಬರೆಯುತ್ತೇನೆ' ಎಂದಿದ್ದ ಪತ್ರವನ್ನು ಕಾಲೇಜಿಗೆ ಬರೆದೇ ಬರೆದರು. ತಮ್ಮ ತಪ್ಪನ್ನು ಹೇಳಿಕೊಂಡು ಬರೆದರು. ಆತನ ಪರಿಚಯ ಪುಸ್ತಿಕೆಯ ಮೊದಲ ಪುಟಕ್ಕೆ ಒಂದು ಸಾಲು ಸೇರಿದೆ: "ನೋವಿನ ನಂತರ ನಾನು ಸುಮ್ಮನಾದರೆ ತಕ್ಷಣ ವೈದ್ಯರಿಗೆ ತೋರಿಸಿ." ಪ್ರತಿಮಾಳ ಪದವಿಗೆ ಇನ್ನೊಂದು ವರ್ಷವಿದೆ. ತನ್ನ ತರಗತಿಯಲ್ಲಿ ಓದಲು ಅವಳು ನಿನ್ನ ಕೊನೆಯ ವಾರದ ಪುಟಗಳನ್ನು ಕೇಳಿದ್ದಾಳೆ, ತಿದ್ದಿ ಕೊಡಿ ಎಂದಿದ್ದಾಳೆ. ಮೊನ್ನೆ ಅದಕ್ಕೆಂದು ಕುಳಿತಾಗ, ಭಾನುವಾರ ಬೆಳಿಗ್ಗೆ ಮುಟ್ಟಿದಾಗ ನಿನ್ನ ಮೈ ಹೇಗಿತ್ತೆಂದು ಕೇಳಿದಳು. ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಅಷ್ಟು ಬಿಗಿಯಲಿಕ್ಕೆ ತುಂಬಾ ಹೊತ್ತು ಬೇಕು ಅತ್ತೆ. ಅವರು ಹೋದದ್ದು ಹಿಂದಿನ ದಿನವೇ" ಎಂದಳು. ಆದ್ದರಿಂದ ಕೆಳಗಿನ ತಿದ್ದಿದ ಪಟ್ಟಿಯಲ್ಲಿ ಅದೂ ಸೇರಿದೆ. ಇದರಲ್ಲಿ 'ನಾನು' ಎಂದರೆ ನಾನೇ.

ಚೈತ್ರ ಬಹುಳ ತದಿಗೆ, ಭಾನುವಾರ. 'ಹಠ' ಎಂಬುದನ್ನು ಹೊಡೆದುಹಾಕಿದ್ದೇನೆ. ವಾಸು ಬಲಗಾಲು ಮಡಚಿ ಕುಳಿತ. ಹಣೆಯನ್ನು ಕನ್ನಡಿಗೆ ಒತ್ತಿದ. ಏಕೆಂದು ನನಗೆ ಗೊತ್ತಿಲ್ಲ. ನಾನು ಕನ್ನಡಿ ಒರೆಸಿದೆ.

ಚೌತಿ, ಸೋಮವಾರ. ವಾಸು ಊಟ ಮಾಡಲಿಲ್ಲ. ಒಂದೇ ಸ್ವರ ಎಳೆದ. ನಾನು ಗದರಿದೆ.

ಪಂಚಮಿ, ಮಂಗಳವಾರ. ಬಟ್ಟಲನ್ನು ಬೋರಲು ಹಾಕಿ ಎರಡೂ ಕೈ ಅದರ ಮೇಲಿಟ್ಟ. ನಾನು ಕೈಗಳನ್ನು ಎಳೆದು ತೆಗೆದೆ.

ಷಷ್ಠಿ, ಬುಧವಾರ. ಸುಮ್ಮನೆ ಮಲಗಿದ್ದ ಎಂದು ಜಯಮ್ಮ ಹೇಳಿದಳು. ನಾನು ನೋಡಲಿಲ್ಲ.

ಸಪ್ತಮಿ, ಗುರುವಾರ. ಜಯಮ್ಮ ಹೇಳಿದ್ದು ಅದೇ. ನಾನು ನೋಡಲಿಲ್ಲ.

ಅಷ್ಟಮಿ, ಶುಕ್ರವಾರ. ಅದೇ. ನಾನು ನೋಡಲಿಲ್ಲ.

ನವಮಿ, ಶನಿವಾರ. ಸಂಜೆ ದೀಪ ಹಚ್ಚಿ, ಮೇಜಿನ ಬಳಿ ಕುಳಿತು, "ಇಂದು ನಾನು ಶಾಂತನಾಗಿದ್ದೆ" ಎಂದು ಅವನ ಹೆಸರಿನಲ್ಲಿ ಬರೆದೆ. ಅವನು ಬಾಗಿಲಿನ ಆಚೆ, ಚಾಪೆಯ ಮೇಲಿದ್ದ. ಪೆನ್ನಿನ ಮುಚ್ಚಳ ತೆಗೆದುಕೊಳ್ಳಲು ಬರಲಿಲ್ಲ. ಎದ್ದು ನೋಡಲಿಲ್ಲ ನಾನು. ವಾಸು ತೀರಿಕೊಂಡ ದಿನ ಇದು.

ದಶಮಿ, ಭಾನುವಾರ. ಇದುವರೆಗೆ ನಿನ್ನ ತಿಥಿ ಎಂದುಕೊಂಡ ದಿನ. ತಿಥಿ ದಶಮಿಯಲ್ಲ, ನವಮಿ. ಮುಂದಿನ ವರ್ಷದಿಂದ ಸರಿಯಾದ ದಿನವೇ ಎಡೆ ಇಡುತ್ತೇನೆ. ಇಷ್ಟು ವರ್ಷವೂ ಒಂದು ದಿನ ತಡವಾಗಿ ಬಡಿಸಿದ್ದೇನೆ.

ಹಸಿದಿದ್ದೆಯಾ, ವಾಸು?